ಮೊಪೆಡ್, ಗುಡಾರ ಮತ್ತು ಮೂರು ಊರಿನ ಉಪಚಾರ

ನಮ್ಮ ಕಡೆ ಬಯಲಿನಲ್ಲಿ ಒಂದು ರಾತ್ರಿ ಮಲಗುವುದು ಬಹಳ ಕಷ್ಟದ ಕೆಲಸ. ಹಾವು ಚೇಳುಗಳಿಂದ ಹೇಗಾದರೂ ತಪ್ಪಿಸಿಕೊಳ್ಳಬಹುದು, ಮನೆಗೆ ಕರೆಯುವವರಿಂದ ಸಾಧ್ಯವಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವೆ ನಾನೂ ನನ್ನ ಚಿಕ್ಕಮ್ಮನೂ ಒಂದು ಮೊಪೆಡಿಗೆ ಗುಡಾರ ಕಟ್ಟಿಕೊಂಡು ತಿರುಗಿದ ದಿನಗಳಲ್ಲಿ ಇದು ನನಗೆ ಚೆನ್ನಾಗಿ ಗೊತ್ತಾಯಿತು. ಒಂದು ಕಡೆ ಪಾರಾದೆವು ಎನ್ನುವಾಗ ಇನ್ನೊಂದು ಕಡೆ ಅಂಥದ್ದೇ ಏನಾದರೂ ಕಾದಿರುತ್ತಿತ್ತು.

ಮಾತುಗಳೆಲ್ಲ ಹೆಚ್ಚಾಗಿ ತುಳುವಿನಲ್ಲಿ ನಡೆದದ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಕಲಿತವಳು, ಮೇಲಾಗಿ ಸಂಕೋಚದವಳು. ಏನು ಹೇಳಬೇಕೆಂದು ಯೋಚಿಸಿ, ಅದನ್ನು ಯಾವ ಭಾಷೆಯಲ್ಲಿ ಹೇಳಬೇಕೆಂದು ತೀರ್ಮಾನಿಸಿ ಬಾಯಿ ತೆರೆಯುವಾಗ ಎದುರಿನವರು ಮನೆಗೆ ಹೋಗಿ ಊಟ ಮುಗಿಸಿರುತ್ತಾರೆ. ಹಾಗಾಗಿ ಈ ಕಥೆಗಳಲ್ಲಿ ಮಾತಾಡುವವರೆಲ್ಲ ಬೇರೆಯವರು.

ಹಸಿರು ಚೀಲ

ಚಿಕ್ಕಮ್ಮ ಗಲ್ಫಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ತೊಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ಅವರು ರಜೆಯಲ್ಲಿ ಬಂದಾಗ ಮನೆಯವರೆಲ್ಲ ವಾಡಿಕೆಯಂತೆ ಪೆಟ್ಟಿಗೆಯ ಸುತ್ತ ಕೂತಿದ್ದೆವು. ಸೆಂಟು, ಹಾಲಿನ ಪುಡಿ, ಗಂಟುನೋವಿನ ಮುಲಾಮು ಒಂದೊಂದಾಗಿ ಹೊರಗೆ ಬಂದವು. ಕಡೆಗೆ ಬಂದದ್ದು ಉದ್ದದ ಒಂದು ಹಸಿರು ಚೀಲ.

"ಇದು ಎಂತದ್ದು?" ಎಂದು ದೊಡ್ಡ ಮಾವ ಕೇಳಿದರು.

"ಗುಡಾರ."

"ಯಾರಿಗೆ?"

"ನನಗೆ."

ದೊಡ್ಡ ಮಾವ ಎಂದರೆ ನನ್ನ ಅಮ್ಮನಿಗೂ ಚಿಕ್ಕಮ್ಮನಿಗೂ ಅಣ್ಣ. ಬಂಟ್ವಾಳ ಪೇಟೆಯಲ್ಲಿ ಅವರದ್ದು ಒಂದು ಹೋಟೆಲು. ನಮ್ಮಲ್ಲಿ ಮಾವನ ಮಾತು ಎಂದರೆ ಮನೆಯ ಮಾತು. ಚಿಕ್ಕಮ್ಮ ಗಲ್ಫಿನಲ್ಲಿ ಹತ್ತು ಜನ ಡಾಕ್ಟರುಗಳಿಗೆ ಎದುರು ಮಾತಾಡಿಯಾರು, ಈ ಅಣ್ಣನನ್ನು ಮಾತ್ರ ಕೇಳಿಯೇ ಹೆಜ್ಜೆ ಇಡಬೇಕು. ಅವರು ನಿಧಾನವಾಗಿ ವಿಷಯ ಹೇಳಿದರು. ಆಸ್ಪತ್ರೆಗೆ ಒಮ್ಮೆ ಬಿಸಿಲಿಗೆ ಚರ್ಮ ಸುಟ್ಟುಕೊಂಡು ವಿದೇಶಿ ಗಂಡ ಹೆಂಡತಿ ಬಂದಿದ್ದರಂತೆ. ಇಬ್ಬರಿಗೂ ಅರುವತ್ತು ದಾಟಿದೆ. ಸೈಕಲಿಗೆ ಮೋಟಾರು ಕಟ್ಟಿಕೊಂಡು ದೇಶ ದೇಶ ಸುತ್ತುತ್ತಾರೆ, ರಾತ್ರಿ ಗುಡಾರದಲ್ಲಿ ಮಲಗುತ್ತಾರೆ. ಅಂದಿನಿಂದ ಚಿಕ್ಕಮ್ಮನಿಗೆ ಒಂದೇ ಆಸೆ: ಈ ರಜೆಯಲ್ಲಿ ಹಾಗೆಯೇ ಗೋಕರ್ಣದವರೆಗೆ ಹೋಗಿ ಬರಬೇಕು.

"ನಿಮ್ಮ ಮೊಪೆಡ್ ಕೊಡ್ತೀರಾ ಅಣ್ಣ?"

ಆ ಮೊಪೆಡ್ ಹೋಟೆಲಿಗೆ ಹಾಲಿನ ಕ್ಯಾನು ತರುವಂಥದ್ದು. ಅದಕ್ಕೆ ಇಂಜಿನೂ ಉಂಟು, ಪೆಡಲೂ ಉಂಟು. ಎರಡರಲ್ಲಿ ಯಾವುದು ಯಾವಾಗ ಬೇಕಾದೀತು ಎಂದು ಮೊದಲೇ ಹೇಳಲಿಕ್ಕೆ ಆಗುವುದಿಲ್ಲ.

ದೊಡ್ಡ ಮಾವ ಬೇಡ ಎನ್ನಲಿಲ್ಲ. ಅವರು ಅದಕ್ಕಿಂತ ಬುದ್ಧಿವಂತರು. "ಗೋಕರ್ಣ ಆಮೇಲೆ ನೋಡುವ. ಮೊದಲು ಇಲ್ಲೇ, ನಮ್ಮ ಈ ಊರುಗಳ ಒಳಗೆ, ಒಂದು ರಾತ್ರಿ ಆ ಬಟ್ಟೆಯ ಒಳಗೆ ಮಲಗಿ ಬಾ. ಯಾರ ಮನೆಯ ಮಾಡಿನ ಕೆಳಗೂ ಮಲಗಬಾರದು. ಅಷ್ಟು ಮಾಡಿದರೆ ಗೋಕರ್ಣಕ್ಕಾದರೂ ಹೋಗು, ಕಾಶಿಗಾದರೂ ಹೋಗು. ಮತ್ತೆ, ಒಬ್ಬಳೇ ಬೇಡ. ಇವಳನ್ನು ಕರ್ಕೊಂಡು ಹೋಗು. ಮಾತೂ ಇಲ್ಲ, ಭಾರವೂ ಇಲ್ಲ."

ಇವಳು ಎಂದರೆ ನಾನು.

"ಒಂದೇ ರಾತ್ರಿಯಾ?" ಎಂದು ಚಿಕ್ಕಮ್ಮ ನಕ್ಕರು. ದೊಡ್ಡ ಮಾವನೂ ನಕ್ಕರು. ಚಿಕ್ಕಮ್ಮನ ನಗು ನಿಂತ ಮೇಲೂ ಅವರದ್ದು ನಿಲ್ಲಲಿಲ್ಲ.

ಅಮ್ಮ ಮಾತ್ರ ಗುಡಾರದ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ ಹೇಳಿದರು, "ಬಟ್ಟೆ ಒಳ್ಳೆದುಂಟು. ಹಪ್ಪಳ ಒಣಗಿಸಲಿಕ್ಕೆ ಆಗ್ತದೆ."

ರೋಡು ಯಾರ ಜಾಗದಲ್ಲಿ?

ಮೊದಲ ಪ್ರಯತ್ನ ಸಿದ್ಧಕಟ್ಟೆ ದಾಟಿದ ಮೇಲೆ ಸಿಗುವ ಒಂದು ಗುಡ್ಡದಲ್ಲಿ. ಮನೆಗಳು ಕಾಣದ ಜಾಗ ಎಂದು ಹುಡುಕಿ ಹುಡುಕಿ ಹೋಗಿದ್ದೆವು. ಗಾಳಿ ಚೆನ್ನಾಗಿತ್ತು, ನೋಟ ಚೆನ್ನಾಗಿತ್ತು, ಕೆಳಗೆ ಮಾತ್ರ ಪೂರ್ತಿ ಮುರಕಲ್ಲು. ಗುಡಾರದ ಗೂಟವನ್ನು ಕಲ್ಲಿನಿಂದ ಬಡಿದರೆ ಅದು ಒಳಗೆ ಹೋಗುವ ಬದಲು ಬಗ್ಗಿ ಚಿಕ್ಕಮ್ಮನಿಗೆ ನಮಸ್ಕಾರ ಮಾಡುತ್ತಿತ್ತು. ಇಲ್ಲಿ ಅಲ್ಲ ಅಲ್ಲಿ, ಅಲ್ಲಿ ಅಲ್ಲ ಇಲ್ಲಿ ಎಂದು ಅವರು ಗೂಟ ಹಿಡಿದು ಗುಡ್ಡವಿಡೀ ತಿರುಗಿದರು. ನಾನು ಹಗ್ಗದ ಇನ್ನೊಂದು ತುದಿ ಹಿಡಿದು ಹಿಂದೆ. ನನ್ನ ತಲೆಗೆ ಗಲ್ಫಿನ ಬಿಳಿ ಟೊಪ್ಪಿ, ಕಂಕುಳಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ.

ಸೊಪ್ಪು ಕಡಿಯಲಿಕ್ಕೆ ಬಂದಿದ್ದ ಒಬ್ಬರು ಸ್ವಲ್ಪ ಹೊತ್ತು ದೂರದಲ್ಲಿ ನಿಂತು ನೋಡಿದರು. ಆಮೇಲೆ ಹತ್ತಿರ ಬಂದು ನನ್ನ ಟೊಪ್ಪಿಗೆ ಮರ್ಯಾದೆ ಕೊಟ್ಟು ನನ್ನನ್ನೇ ಕೇಳಿದರು, "ರೋಡಿಗೆ ಅಳತೆಯಾ ಮೇಡಂ?"

ನಾನು ಉತ್ತರವನ್ನು ಯೋಚಿಸತೊಡಗಿದೆ. ಸುಮ್ಮನಿದ್ದದ್ದನ್ನು ಅವರು ಸರಕಾರಿ ಗುಟ್ಟು ಎಂದುಕೊಂಡರು. ಎಲ್ಲಿಗೋ ಓಡಿ, ಎಳನೀರು ಹಿಡಿದುಕೊಂಡು ವಾಪಸು ಬಂದರು.

"ಮೇಡಂ, ಈ ಕಡೆ ನನ್ನದು. ಆ ಕಡೆ ನನ್ನ ತಮ್ಮನದ್ದು. ರೋಡು ಆ ಕಡೆಯಿಂದ ಹೋದರೆ ನೇರ ಆಗ್ತದೆ. ನಾನು ಸುಮ್ಮನೆ ಹೇಳಿದ್ದು."

ಎಳನೀರು ಕುಡಿದು ಮುಗಿಯುವ ಮೊದಲು ತಮ್ಮನೂ ಬಂದರು. ಅವರ ಕೈಯಲ್ಲಿ ಪಪ್ಪಾಯಿ. "ಅಣ್ಣ ಎಂತ ಹೇಳಿದ್ರು? ಆ ಕಡೆ ನೇರ ಅಂತವಾ? ಅವರ ಜಾಗದಲ್ಲಿ ಹೋದರೆ ಚಡವು, ಏರು ಎಂತದ್ದೂ ಇಲ್ಲ ಮೇಡಂ, ನೀವೇ ನಡೆದು ನೋಡಿ."

"ಹತ್ತು ವರ್ಷದಿಂದ ಬೇಲಿ ಒತ್ತಿ ಒತ್ತಿ ಬಂದವನು, ಈಗ ರೋಡಿಗೆ ಜಾಗ ಕೊಡ್ಲಿಕ್ಕೆ ಎಂತ ನಿನಗೆ?"

"ಬೇಲಿ ಒತ್ತಿದ್ದು ನಾನಾ ನೀವಾ?"

ಕಡೆಗೆ ಚಿಕ್ಕಮ್ಮ ಗೂಟ ಕೆಳಗಿಟ್ಟು, ರೋಡೂ ಇಲ್ಲ ಅಳತೆಯೂ ಇಲ್ಲ, ನಾವು ರಾತ್ರಿ ಮಲಗಲಿಕ್ಕೆ ಬಂದವರು ಎಂದು ಬಿಡಿಸಿ ಹೇಳಿದರು. ಆ ದಿನ ಮೊದಲ ಸಲ ಅಣ್ಣ ತಮ್ಮ ಇಬ್ಬರಿಗೂ ಒಂದು ವಿಷಯದಲ್ಲಿ ಒಮ್ಮತ ಬಂತು.

"ಇಲ್ಲಿಯಾ? ಹೆಣ್ಣುಮಕ್ಕಳಾ? ಹಾಗೆಲ್ಲ ಆಗಲಿಕ್ಕಿಲ್ಲ. ಮನೆಗೆ ಹೋಗುವ."

ಯಾರ ಮನೆಗೆ ಎಂಬಲ್ಲಿ ಮತ್ತೆ ಜಗಳ ಹತ್ತಿತು. ಅಣ್ಣನ ಮನೆಯಲ್ಲಿ ಊಟ, ತಮ್ಮನ ಮನೆಯಲ್ಲಿ ನಿದ್ದೆ ಎಂದು ನಮ್ಮನ್ನು ಪಾಲು ಮಾಡಿಕೊಂಡ ಮೇಲೆ ಅದು ನಿಂತಿತು. ಆ ಮನೆಗಳ ನಡುವೆ ಕೋರ್ಟಿಗೆ ಹೋಗದೆ ಆದ ಮೊದಲ ಪಾಲು ಅದೇ ಎಂದು ತಮ್ಮನ ಹೆಂಡತಿ ಹೇಳಿದರು.

ಕಂಡಕ್ಟರಿನ ಉಪಕಾರ

ಮತ್ತೊಮ್ಮೆ ಬೆಳ್ತಂಗಡಿಯ ಕಡೆ ಜಾಗ ನೋಡಿಕೊಂಡು ವಾಪಸು ಬರುತ್ತಿದ್ದೆವು. ಮಡಂತ್ಯಾರು ಕಳೆದು ಒಂದು ಚಡವು. ಚಡವು ಬಂದಾಗ ನಾನು ಇಳಿದು ನಡೆಯುವುದು, ಚಿಕ್ಕಮ್ಮ ಇಂಜಿನಿಗೆ ಸಹಾಯವಾಗಿ ಪೆಡಲು ತುಳಿಯುವುದು ನಮ್ಮ ಕ್ರಮ. ನಾನು ಅವರಿಗಿಂತ ಮುಂದೆ ಹೋಗಿಬಿಡದ ಹಾಗೆ ನಿಧಾನವಾಗಿ ನಡೆಯಬೇಕಿತ್ತು. ಆ ದಿನ ಅರ್ಧ ಚಡವಿನಲ್ಲಿ ಇಂಜಿನ್ ಕೆಮ್ಮಿತು. ಚಿಕ್ಕಮ್ಮ ಸೋಲಲಿಲ್ಲ. ಹಿಂದೆ ಹೋಗಿ ರಭಸದಿಂದ ಬರುತ್ತೇನೆ ಎಂದು ಮೊಪೆಡನ್ನು ತಿರುಗಿಸಿ ಬೆಳ್ತಂಗಡಿಯ ಕಡೆಗೆ ಮುಖ ಮಾಡಿ ನಿಂತರು.

ಅಷ್ಟರಲ್ಲಿ ಬೆಳ್ತಂಗಡಿಗೆ ಹೋಗುವ ಬಸ್ಸು ಬಂತು. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರು ಬೆವರುತ್ತಿದ್ದ ಚಿಕ್ಕಮ್ಮನನ್ನು ನೋಡಿ ಸೀಟಿ ಊದಿದ. ಬಸ್ಸು ನಿಂತಿತು. "ಹಾಳಾಯ್ತಾ ಅಕ್ಕ? ಹತ್ತಿ, ಹತ್ತಿ, ಬೇಗ." ಕ್ಲೀನರು ಏಣಿ ಹತ್ತಿದ, ಹಿಂದಿನ ಸೀಟಿನ ಇಬ್ಬರು ಇಳಿದು ಬಂದರು. ಮೂರು ಜನ ಸೇರಿ ಮೊಪೆಡನ್ನು ಟಾಪಿನ ಮೇಲೆ ಬಾಳೆಗೊನೆಗಳ ನಡುವೆ ಮಲಗಿಸಿದರು. ನಮ್ಮನ್ನು ಒಳಗೆ ನೂಕಿದರು. ಚಿಕ್ಕಮ್ಮ "ಅದಲ್ಲ" ಎನ್ನುವಾಗ ಬಸ್ಸು ಹೊರಟಾಗಿತ್ತು. ಕಂಡಕ್ಟರು ಮುಂದಿನ ಬಾಗಿಲಿಗೆ ಹೋದವನು ಬೆಳ್ತಂಗಡಿ ಬಂದ ಮೇಲೆಯೇ ತಿರುಗಿ ನೋಡಿದ್ದು.

ಇಳಿದ ಮೇಲೆ ಚಿಕ್ಕಮ್ಮ ಹೇಳಿದರು, "ಮಾರಾಯ, ನಾವು ಬಂಟ್ವಾಳಕ್ಕೆ ಹೋಗುವವರು."

ಅವನು ಬಾಳೆಗೊನೆಗಳ ನಡುವೆ ಹಸಿರು ಚೀಲ ತಬ್ಬಿಕೊಂಡಿದ್ದ ಮೊಪೆಡನ್ನು ನೋಡಿದ, ನಮ್ಮನ್ನು ನೋಡಿದ. ಆಮೇಲೆ ತುಂಬ ಸಮಾಧಾನದಿಂದ ಹೇಳಿದ, "ಹಾಗಾದರೆ ಇಳಿಸುವುದು ಬೇಡ. ಅರ್ಧ ಗಂಟೆಯಲ್ಲಿ ಇದೇ ಬಸ್ಸು ಬಂಟ್ವಾಳಕ್ಕೆ ಹೋಗ್ತದೆ."

ಪ್ರಸಂಗ ಯಾವುದು?

ವೇಣೂರಿನಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಕೊಯ್ಲು ಮುಗಿದ ಒಂದು ಗದ್ದೆ ಸಿಕ್ಕಿತು. ಮಣ್ಣು ಮೆದು, ಗೂಟ ಬೆಣ್ಣೆಗೆ ಹೋದ ಹಾಗೆ ಹೋಯಿತು. ಹಸಿರು ಗುಡಾರ ಎದ್ದು ನಿಂತಾಗ ಚಿಕ್ಕಮ್ಮ ಸುತ್ತ ಒಂದು ಪ್ರದಕ್ಷಿಣೆ ಬಂದರು. "ಇವತ್ತು ನಾಲ್ಕು ಗೂಟವೂ ನಿಂತವು. ಇನ್ನು ನಮ್ಮನ್ನು ಯಾರು ಏಳಿಸುವವರು?"

ಸಂಜೆ ಸೂರ್ಯ ಇಳಿಯುವಾಗ ಒಬ್ಬ ಅಜ್ಜ ಬಂದರು. ಕಂಕುಳಲ್ಲಿ ಚಾಪೆ, ಕೈಯಲ್ಲಿ ಟಾರ್ಚು, ಸೊಂಟದಲ್ಲಿ ಎಲೆ ಅಡಿಕೆಯ ಸಂಚಿ. ಗುಡಾರದ ಎದುರು ಒಳ್ಳೆಯ ಜಾಗ ನೋಡಿ ಚಾಪೆ ಹಾಸಿ ಕುಳಿತರು.

"ಆಟ ಎಷ್ಟು ಗಂಟೆಗೆ ಶುರು?"

ನಮ್ಮ ಕಡೆ ಆಟ ಎಂದರೆ ಯಕ್ಷಗಾನ. ಕೊಯ್ಲಾದ ಗದ್ದೆಯಲ್ಲಿ ಡೇರೆ ಎದ್ದರೆ ಅದು ಯಕ್ಷಗಾನ ಮೇಳದ್ದೇ ಎಂದು ಎಲ್ಲರಿಗೂ ಗೊತ್ತು. ಅಜ್ಜನ ಹಿಂದೆ ಮತ್ತೆ ಕೆಲವರು ಬಂದರು, ಅವರ ಹಿಂದೆ ಹೆಂಗಸರು, ಹೆಂಗಸರ ಹಿಂದೆ ಚರುಮುರಿಯವನು. ಅವನು ಗ್ಯಾಸ್‌ಲೈಟು ಹಚ್ಚಿದ ಮೇಲೆ ದೂರದ ಮನೆಯವರಿಗೂ ವಿಷಯ ಗೊತ್ತಾಯಿತು.

"ಇಷ್ಟು ಸಣ್ಣ ಡೇರೆಯಾ?" ಎಂದು ಒಬ್ಬರು ಕೇಳಿದರು.

"ಈಗ ಮೇಳಗಳ ಸ್ಥಿತಿ ಹಾಗೆ ಉಂಟು ಮಾರಾಯ್ರೆ," ಎಂದರು ಅಜ್ಜ, ಬಹಳ ಬೇಸರದಿಂದ.

ಅವರ ಕಣ್ಣು ನನ್ನ ಮೇಲೆ ಬಿತ್ತು. "ನೀನು ವೇಷವಾ ಮಗಾ?"

ನಾನು ಇಲ್ಲವೆಂದು ತಲೆ ಆಡಿಸಿದೆ. ಕತ್ತಲೆಗೆ ಅದು ಅವರಿಗೆ ಹೌದು ಎಂದು ಕಂಡಿರಬೇಕು. "ಒಳ್ಳೆದಾಯ್ತು. ಈ ಗಂಡಸರ ಸ್ತ್ರೀವೇಷ ನೋಡಿ ನೋಡಿ ನಮಗೂ ಸಾಕಾಗಿತ್ತು."

ಚಿಕ್ಕಮ್ಮ ನಿಂತು ಎಲ್ಲರಿಗೂ ಕೇಳುವ ಹಾಗೆ ನಿಜ ಹೇಳಿದರು. ಜನ ಕೇಳಿಸಿಕೊಂಡರು. ಯಾರೂ ಏಳಲಿಲ್ಲ. ಚಾಪೆ ಹಾಸಿದ್ದಾಗಿದೆ, ಚರುಮುರಿ ಕಟ್ಟಿಸಿದ್ದಾಗಿದೆ. "ಆಟ ಇಲ್ಲದಿದ್ದರೆ ತಾಳಮದ್ದಳೆಯಾದರೂ ಆಗಲಿ," ಎಂದರು ಅಜ್ಜ. ವೇಷ ಕುಣಿತ ಇಲ್ಲದೆ ಕೂತಲ್ಲೇ ಹಾಡು, ವಾದ ನಡೆಸುವುದು ತಾಳಮದ್ದಳೆ. ಅದಕ್ಕೆ ಜನ ಆ ಗದ್ದೆಯಲ್ಲೇ ಇದ್ದರು. ಒಬ್ಬರು ಮನೆಗೆ ಓಡಿ ಚೆಂಡೆ ತಂದರು, ಇನ್ನೊಬ್ಬರು ಎಲ್ಲರಿಗೂ ಒಂದು ಪಾತ್ರೆ ಚಹಾ ತಂದರು, ಅಜ್ಜ ಮುಖ್ಯ ಪಾತ್ರ ವಹಿಸಿಕೊಂಡರು. ಕೋಳಿ ಕೂಗುವಾಗಲೂ ಅವರ ಒಂದು ವಾಕ್ಯ ಮುಗಿದಿರಲಿಲ್ಲ.

ಬೆಳಿಗ್ಗೆ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ದೊಡ್ಡ ಮಾವ ನಮ್ಮ ಕೆಂಪು ಕಣ್ಣು ನೋಡಿ ಕೇಳಿದರು, "ಯಾರ ಮನೆಗೂ ಹೋಗಲಿಲ್ಲವಾ?"

"ಇಲ್ಲ," ಎಂದರು ಚಿಕ್ಕಮ್ಮ, ಆಸೆಯಿಂದ.

"ಗುಡಾರದಲ್ಲಿ ಮಲಗಿದಿರಾ?"

ಚಿಕ್ಕಮ್ಮನಿಗೆ ಸುಳ್ಳು ಹೇಳಲಿಕ್ಕೆ ಬಾಯಿ ಬರಲಿಲ್ಲ. "ಗುಡಾರದಲ್ಲಿ ಚಹಾದ ಪಾತ್ರೆ ಮಲಗಿತ್ತು."

ಹರಕೆ

ಚಿಕ್ಕಮ್ಮನ ರಜೆ ಮುಗಿಯುತ್ತಾ ಬಂತು. ಮಾತು ಕಡಿಮೆಯಾಯಿತು. ಮೊಪೆಡಿನ ಕೀಲಿಯನ್ನು ಸುಮ್ಮನೆ ಬೆರಳಿನಲ್ಲಿ ತಿರುಗಿಸುತ್ತಾ ಜಗಲಿಯಲ್ಲಿ ಕೂರುತ್ತಿದ್ದರು. ಒಂದು ದಿನ ತಟ್ಟನೆ ಎದ್ದು ಹೇಳಿದರು, "ಗೊತ್ತಾಯ್ತು. ನಮ್ಮ ತಪ್ಪು ತುಳು ಮಾತಾಡಿದ್ದು. ತುಳು ಮಾತಾಡಿದರೆ ಯಾವ ಮನೆ ಅಂತ ಕೇಳ್ತಾರೆ, ಯಾವ ಮನೆ ಅಂತ ಹೇಳಿದರೆ ನೆಂಟರಾಗ್ತಾರೆ. ಈ ಸಲ ನಾವು ಬೆಂಗಳೂರಿನವರು. ಕನ್ನಡ ಮಾತ್ರ. ನೀನು ಇಂಗ್ಲಿಷ್ ಮಾತಾಡು."

ಎರಡೂ ಭಾಷೆಯಲ್ಲಿ ನಾನು ಮಾತಾಡುವುದಿಲ್ಲವಾದ್ದರಿಂದ ನನಗೆ ಅಡ್ಡಿಯಿರಲಿಲ್ಲ.

ಅಳದಂಗಡಿ ದಾಟಿ ಒಂದು ಗದ್ದೆಯ ಮೂಲೆಯಲ್ಲಿ ಗುಡಾರ ಹಾಕಿದೆವು. ಚಿಕ್ಕಮ್ಮನಿಗೆ ಎಷ್ಟು ಧೈರ್ಯ ಎಂದರೆ, ಮೊದಲೇ ಪೇಟೆಯ ಎಸ್‌ಟಿಡಿ ಬೂತಿನಿಂದ ದೊಡ್ಡ ಮಾವನಿಗೆ ಫೋನು ಮಾಡಿ ಜಾಗದ ಗುರುತು ಹೇಳಿದ್ದರು. "ಬೆಳಿಗ್ಗೆ ಮೊದಲ ಬಸ್ಸಿಗೆ ಬನ್ನಿ ಅಣ್ಣ. ನಿಮ್ಮ ಕಣ್ಣಿನಿಂದಲೇ ನೋಡಿ."

ಸಂಜೆಗೆ ಗದ್ದೆಯ ಆಚೆಯ ಮನೆಯಿಂದ ಒಬ್ಬ ಅಜ್ಜಿ, ಅವರ ಹಿಂದೆ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಹಿಡಿದ ಸೊಸೆ ಬಂದರು. ಚಿಕ್ಕಮ್ಮ ಕನ್ನಡದಲ್ಲಿ ಮಾತು ಶುರು ಮಾಡಿದರು. ಅಜ್ಜಿಗೆ ಗೊತ್ತಿದ್ದ ಕನ್ನಡವೆಲ್ಲ ಯಕ್ಷಗಾನದಿಂದ ಬಂದದ್ದು. ಅವರು ಬೆನ್ನು ನೆಟ್ಟಗೆ ಮಾಡಿ ಕೇಳಿದರು, "ತಾವುಗಳು ಎಲ್ಲಿಂದ ಆಗಮಿಸಿದ್ದು? ಈ ಅರಣ್ಯದಲ್ಲಿ ಏಕೆ ಕುಳಿತಿರುವಿರಿ? ನಮ್ಮ ಅರಮನೆಗೆ ದಯಮಾಡಿಸಬೇಕು."

ಅರಮನೆ ಎಂದರೆ ಹಿಂದೆ ಕಾಣುತ್ತಿದ್ದ ಹೆಂಚಿನ ಮನೆ. ಚಿಕ್ಕಮ್ಮ ಇದಕ್ಕೂ ತಯಾರಾಗಿ ಬಂದಿದ್ದರು. "ಇಲ್ಲ ಅಜ್ಜಿ, ನನಗೊಂದು ಹರಕೆ ಇದೆ. ಒಂದು ರಾತ್ರಿ ಮಾಡಿನ ಕೆಳಗೆ ಮಲಗದೆ ಗುಡಾರದಲ್ಲಿ ಮಲಗಬೇಕು."

ಹರಕೆ ಎಂದ ಮೇಲೆ ನಮ್ಮ ಕಡೆ ಯಾರೂ ಒತ್ತಾಯ ಮಾಡುವುದಿಲ್ಲ. ಅಜ್ಜಿ ಕೈ ಮುಗಿದರು. ಚಿಕ್ಕಮ್ಮ ನನ್ನ ಕಡೆ ನೋಡಿ ಸಣ್ಣಗೆ ನಕ್ಕರು. ಗೋಕರ್ಣದ ಸಮುದ್ರ ಅವರ ಕಣ್ಣಿನಲ್ಲಿ ಕಾಣುತ್ತಿತ್ತು.

ಊಟ ಗದ್ದೆಗೇ ಬಂತು. ಅದರ ಹಿಂದೆ ಅಜ್ಜಿಯ ದಿಂಬೂ ಬಂತು. "ಹರಕೆಯ ಮಕ್ಕಳನ್ನು ಒಂಟಿಯಾಗಿ ಬಿಡುವುದುಂಟೇ? ನಾನೂ ಇಲ್ಲೇ ಶಯನಿಸುವೆ. ಪುಣ್ಯ ನನಗೂ ಸ್ವಲ್ಪ ಬರಲಿ."

ಗುಡಾರ ಇಬ್ಬರಿಗೆ ಆಗುವಂಥದ್ದು. ಅಜ್ಜಿ ನಡುವೆ ಮಲಗಿ, ಜಾಲರಿಯ ಆಚೆ ಸೊಳ್ಳೆಗಳು ಕೂತದ್ದನ್ನು ನೋಡಿ ಸಂತೋಷದಿಂದ ಕೈಕಾಲು ಚಾಚಿದರು. ಅವರು ಚಾಚಿದಷ್ಟೂ ಒಂದು ಕಡೆಯಿಂದ ಚಿಕ್ಕಮ್ಮ, ಇನ್ನೊಂದು ಕಡೆಯಿಂದ ನಾನು ಹೊರಗೆ ಬಂದೆವು. ಹೊರಗೆ ಸೊಸೆ ನಿಂತಿದ್ದರು. "ನೀವು ಒಳಗೆ ಬನ್ನಿ ಅಕ್ಕ. ಹರಕೆ ಯಾರು ತೀರಿಸಿದರೂ ತೀರಿದ ಹಾಗೆ. ಅತ್ತೆ ತೀರಿಸ್ತಾರೆ." ಚಿಕ್ಕಮ್ಮ ಬೇಡ ಬೇಡ ಎನ್ನುತ್ತಾ ಗದ್ದೆಯಂಚಿನ ಹುಣಿಯ ಮೇಲೆ ಕೂತರು. ಸೊಳ್ಳೆಗಳು ಒಂದು ಗಳಿಗೆ ಅವರ ಜೊತೆ ಕೂತ ಮೇಲೆ ನಾವಿಬ್ಬರೂ ಹೋಗಿ ಸೊಸೆ ಹಾಸಿದ ಹಾಸಿಗೆಯಲ್ಲಿ ಮಲಗಿದೆವು. ಬೆಳಗಾಗುವ ಮೊದಲೇ ಎದ್ದು ಗುಡಾರದೊಳಗೆ ನುಸುಳಿಬಿಡುವುದೆಂದು ಮಾತಾಡಿಕೊಂಡದ್ದು ನೆನಪಿದೆ. ಎದ್ದದ್ದು ಬಿಸಿಲು ಮುಖಕ್ಕೆ ಬಿದ್ದ ಮೇಲೆ.

ಕಿಟಕಿಯಿಂದ ನೋಡಿದರೆ ದೊಡ್ಡ ಮಾವ ಆಗಲೇ ಗದ್ದೆಗೆ ಇಳಿದಿದ್ದರು. ನಾವು ಓಡಿದೆವು. ಅವರು ಗುಡಾರದ ಎದುರು ಕುಕ್ಕರಗಾಲಿನಲ್ಲಿ ಕೂತು, "ಎದ್ದೇಳು, ನೋಡಲಿಕ್ಕೆ ಬಂದಿದ್ದೇನೆ" ಎಂದು ಜಿಪ್ಪು ಎಳೆದರು. ಒಳಗಿನಿಂದ ಅಜ್ಜಿ ಎದ್ದು ಕೂತರು.

"ಯಾರು?" ಅಜ್ಜಿ ಗಾಬರಿಗೆ ತುಳುವಿನಲ್ಲಿ ಕೇಳಿದರು.

"ನಾನು, ತಂಗಿಯನ್ನು ನೋಡಲಿಕ್ಕೆ."

"ಎಲ್ಲಿಯವನು?"

"ಬಂಟ್ವಾಳ."

"ಬಂಟ್ವಾಳದಲ್ಲಿ ಯಾವ ಮನೆ?"

ದೊಡ್ಡ ಮಾವ ಹೇಳಿದರು. ಅಜ್ಜಿ ಅವರ ಅಜ್ಜಿಯ ಊರು ಕೇಳಿದರು, ಅದನ್ನೂ ಹೇಳಿದರು. "ಓ, ನೀನು ಹೋಟೆಲಿನವನಾ? ನಿನ್ನ ಅಜ್ಜಿಯೂ ನನ್ನ ಅಮ್ಮನೂ ಅಕ್ಕ ತಂಗಿಯರ ಮಕ್ಕಳು." ಆಮೇಲೆ ಚಿಕ್ಕಮ್ಮನತ್ತ ತಿರುಗಿ, "ಹಾಗಾದರೆ ನೀನು ನಮ್ಮ ಹುಡುಗಿಯಾ? ನಿನ್ನೆ ಸಂಜೆಯಿಡೀ ನನ್ನಿಂದ ಕನ್ನಡ ಮಾತಾಡಿಸಿದೆಯಲ್ಲ ಮಾರಾಯ್ತಿ. ನಾಲಗೆ ನೋಯ್ತಾ ಉಂಟು."

ದೊಡ್ಡ ಮಾವ ಚಿಕ್ಕಮ್ಮನ ಕೆನ್ನೆಯಲ್ಲಿ ಮೂಡಿದ್ದ ದಿಂಬಿನ ಗುರುತು ನೋಡಿದರು. "ನೀನು ಮಲಗಿದ್ದು ಮನೆಯೊಳಗೆ. ಅಲ್ಲವಾ? ಆಯ್ತು. ಗೋಕರ್ಣದ ಮಾತು ಇನ್ನು ಬೇಡ."

ಚಿಕ್ಕಮ್ಮ ಬಗ್ಗಿ ಒಂದು ಗೂಟ ಕಿತ್ತರು. ಎರಡನೆಯದಕ್ಕೆ ಕೈ ಹಾಕುವಾಗ ನನಗೆ ನೋಡಲಿಕ್ಕಾಗಲಿಲ್ಲ. ಹೇಗೋ ಬಾಯಿ ತೆರೆಯಿತು. ಅದೂ ತುಳುವಿನಲ್ಲಿ.

"ಅಜ್ಜಿ, ಹರಕೆ ತೀರಲಿಲ್ಲ ಅಂತ ಮಾವ ಹೇಳ್ತಾರೆ."

ಅಜ್ಜಿಯ ಮುಖ ಕೆಂಪಾಯಿತು. "ತೀರಲಿಲ್ಲವಾ? ಹಾಗಾದರೆ ನಾನು ರಾತ್ರಿಯಿಡೀ ಇದರೊಳಗೆ ಎಂತ ಮಾಡಿದ್ದು? ಮಲಗಿದ್ದು ನಾನಾದರೂ ಹರಕೆ ಅವಳದ್ದು. ಅಮ್ಮನ ಹರಕೆಗೆ ಮಗ ಉರುಳುವುದಿಲ್ಲವಾ? ಗಂಡನ ಹರಕೆಗೆ ಹೆಂಡತಿ ಉಪವಾಸ ಮಾಡುವುದಿಲ್ಲವಾ? ನೀನು ಯಾರು ಹರಕೆ ತೀರಲಿಲ್ಲ ಅಂತ ಹೇಳಲಿಕ್ಕೆ?"

ದೊಡ್ಡ ಮಾವ ದೇವರಿಗೂ ಹೆದರುವವರು, ಹಿರಿಯರಿಗೂ ಹೆದರುವವರು. ಈಗ ಎರಡೂ ಒಟ್ಟಿಗೆ ಎದುರು ಕೂತಿದ್ದವು. "ತೀರಿತು, ತೀರಿತು," ಎಂದರು. "ಹೋಗಲಿ ಅವಳು ಗೋಕರ್ಣಕ್ಕೆ."

"ಗೋಕರ್ಣಕ್ಕಾ?" ಅಜ್ಜಿ ನೆಟ್ಟಗಾದರು. "ನನ್ನದೂ ಒಂದು ಬಾಕಿ ಉಂಟಲ್ಲ ಅಲ್ಲಿಗೆ. ದೊಡ್ಡ ಮಗನಿಗೆ ಜ್ವರ ಬಂದಾಗ ಹೇಳಿಕೊಂಡದ್ದು. ಇಂಜಿನಿನ ಗಾಡಿ ಹತ್ತದೆ ಬರ್ತೇನೆ ಅಂತ. ಈಗ ನನ್ನ ಕಾಲಿಗೆ ಎಲ್ಲಿ ಆಗ್ತದೆ? ನಿನ್ನ ತಂಗಿಯದ್ದು ನಾನು ತೀರಿಸಿದೆ. ನನ್ನದು ನೀನು ತೀರಿಸು ಮಗಾ."

ದೊಡ್ಡ ಮಾವ ಮೊಪೆಡನ್ನು ನೋಡಿದರು, ಆಕಾಶವನ್ನು ನೋಡಿದರು. "ಸೈಕಲ್ ಆಗಬಹುದಾ?" ಎಂದು ಮೆಲ್ಲಗೆ ಕೇಳಿದರು.

ಅಜ್ಜಿ ಸ್ವಲ್ಪ ಯೋಚಿಸಿ, ಆಗಬಹುದು ಎಂದರು.

ಆ ವಾರವೇ ಹೊರಟೆವು. ಮೊಪೆಡಿನಲ್ಲಿ ಚಿಕ್ಕಮ್ಮ ಮತ್ತು ನಾನು, ಹಿಂದೆ ಹೋಟೆಲಿನ ಸಪ್ಲಾಯರನ ಸೈಕಲಿನಲ್ಲಿ ದೊಡ್ಡ ಮಾವ. ದಾರಿಯಲ್ಲಿ ಪ್ರತಿ ಸಂಜೆ ಚಿಕ್ಕಮ್ಮ ಗುಡಾರ ಹಾಕುತ್ತಿದ್ದರು, ಪ್ರತಿ ಸಂಜೆ ಹತ್ತಿರದ ಮನೆಯವರು ಬರುತ್ತಿದ್ದರು, ಪ್ರತಿ ಊರಿನಲ್ಲೂ ಒಂದೇ ಮಾತು: "ಹೆಂಗಸರು ಹೊರಗೆ ಮಲಗುವುದುಂಟಾ? ನೀವು ಒಳಗೆ ಬನ್ನಿ. ಅಣ್ಣ ಬೇಕಾದರೆ ಇಲ್ಲೇ ಇರಲಿ, ಗಂಡಸಲ್ಲವಾ." ಗೋಕರ್ಣದವರೆಗೆ ನಾವು ಒಂದು ರಾತ್ರಿಯೂ ಗುಡಾರದಲ್ಲಿ ಮಲಗಲಿಲ್ಲ. ದೊಡ್ಡ ಮಾವ ಒಂದು ರಾತ್ರಿಯನ್ನೂ ತಪ್ಪಿಸಲಿಲ್ಲ. ಮೊದಮೊದಲು ಗೊಣಗಿಕೊಂಡು ಒಳಗೆ ನುಸುಳುತ್ತಿದ್ದವರು, ಕುಂದಾಪುರ ದಾಟಿದ ಮೇಲೆ ಸಂಜೆಯಾಗುತ್ತಲೇ "ಸಾಕು, ನಿಲ್ಲಿಸುವ" ಎನ್ನತೊಡಗಿದರು. ಗೋಕರ್ಣದ ಮರಳಿನಲ್ಲಿ ಗೂಟ ಹೊಡೆದದ್ದೂ ಅವರೇ.

ರಜೆ ಮುಗಿದು ಚಿಕ್ಕಮ್ಮ ಹೊರಡುವ ದಿನ ಹಸಿರು ಚೀಲ ಎಲ್ಲಿಯೂ ಕಾಣಲಿಲ್ಲ. ಹುಡುಕಿ ಹುಡುಕಿ ಸಾಕಾಗಿ ಅವರು ಕಾರು ಹತ್ತಿದರು. ದೊಡ್ಡ ಮಾವ ಬಾಗಿಲು ಹಾಕಿ, ಕಿಟಕಿಗೆ ಬಗ್ಗಿ, ಬಹಳ ಪ್ರೀತಿಯಿಂದ ಹೇಳಿದರು:

"ಮುಂದಿನ ಸಲ ಬರುವಾಗ ನಿನಗೂ ಒಂದು ತಾ."